ಪುಸ್ತಕದ ಪೆಟ್ಟಿಗೆಯೂ ಪುಸ್ತಕದ ಗಂಟೂ: ವಿಜಾಪುರದ ಸೀಮೆಯಲ್ಲಿ ಕಾದಂಬರಿಯ ವಾಚನ



ಒಳ್ಳೆಯದೊಂದು ಕಾದಂಬರಿಯನ್ನು ಓದಿ ಮುಗಿಸಿದವನಿಗೆ ಅದನ್ನು ಮತ್ತೊಬ್ಬರ ಕೈಗೆ ಕೊಟ್ಟ ಹೊರತು ಸಮಾಧಾನವಾಗುವುದಿಲ್ಲ. ಶಾಸ್ತ್ರಗ್ರಂಥವನ್ನು ಏಕಾಂತದಲ್ಲಿ ಓದಿ ಅರಗಿಸಿಕೊಳ್ಳಬಹುದು. ಸ್ತೋತ್ರವನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳಬಹುದು. ಕಥೆಯ ಸುಖವಾದರೋ ಹಂಚಿಕೊಂಡಲ್ಲದೆ ಪೂರ್ಣವಾಗುವುದಿಲ್ಲ. "ನೀವು ಇದನ್ನು ಓದಿದಿರಾ?" ಎಂಬ ಪ್ರಶ್ನೆಯೊಂದು ನಾಲಗೆಯ ತುದಿಯಲ್ಲಿ ಬಂದು ನಿಲ್ಲುತ್ತದೆ. ಸಾಹಿತ್ಯಚರಿತ್ರೆಯನ್ನು ಬರೆಯುವವರು ಗ್ರಂಥಕರ್ತರ ಹುಟ್ಟು, ಕೃತಿಗಳ ಪಟ್ಟಿ, ಶೈಲಿಯ ಗುಣದೋಷ ಇವುಗಳನ್ನು ವಿಸ್ತಾರವಾಗಿ ಹೇಳುವರು. ಆದರೆ ಒಬ್ಬ ಓದುಗನು ಮತ್ತೊಬ್ಬನನ್ನು ಕೇಳುವ ಈ ಪ್ರಶ್ನೆಗೂ ಒಂದು ಚರಿತ್ರೆಯಿದೆಯೆಂಬುದನ್ನು ಪ್ರಾಯಶಃ ಮರೆಯುವರು. ಆ ಚರಿತ್ರೆಯ ಒಂದು ಭಾಗವನ್ನು, ವಿಜಾಪುರದ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡು, ತಮ್ಮ ಮುಂದೆ ನಿವೇದಿಸಬೇಕೆಂದು ನನ್ನ ಇಚ್ಛೆ.

ಈ ಪಟ್ಟಣಕ್ಕೆ 2014ರ ನವೆಂಬರ್ 1ರಿಂದ ವಿಜಯಪುರವೆಂಬ ಹೆಸರು ಸರಕಾರದ ಕಾಗದಗಳಲ್ಲಿ ಬಂದಿದೆ. ಜನರ ಬಾಯಿಯಲ್ಲಿ ವಿಜಾಪುರವೆಂಬುದು ಇನ್ನೂ ಅಳಿದಿಲ್ಲವಾದುದರಿಂದ ನಾನು ಎರಡನ್ನೂ ಬಳಸುವೆನು. ಪಟ್ಟಣದಿಂದ ಪಶ್ಚಿಮದ ಕಡೆಗೆ ಹೊರಡುವ ದಾರಿಗಳಲ್ಲಿ ಎರಡನ್ನು ತಾವು ನೆನಪಿನಲ್ಲಿಟ್ಟುಕೊಂಡರೆ ಸಾಕು. ಒಂದು ದಾರಿಯು ತೊರವಿಯ ಮೇಲೆ ಹಾಯ್ದು ತಿಕೋಟಾವನ್ನು ಮುಟ್ಟಿ ಅಥಣಿಗೆ ಹೋಗುತ್ತದೆ. ಮತ್ತೊಂದು ದಾರಿಯು ಸಾರವಾಡದ ಮೇಲೆ ಡೋಣಿಯನ್ನು ದಾಟಿ ಬಬಲೇಶ್ವರವನ್ನು ಮುಟ್ಟಿ ಜಮಖಂಡಿಗೆ ಹೋಗುತ್ತದೆ. ತಿಕೋಟಾ, ಬಬಲೇಶ್ವರಗಳೆರಡೂ ಬಹುಕಾಲ ವಿಜಾಪುರ ತಾಲೂಕಿನ ಊರುಗಳಾಗಿದ್ದು, 2018ರಲ್ಲಿ ತಾವೇ ತಾಲೂಕಿನ ಸ್ಥಾನಗಳಾದುವು. ಎರಡು ದಾರಿಗಳ ಇಕ್ಕೆಲದಲ್ಲಿಯೂ ಎರೆಯ ಹೊಲಗಳು, ಜೋಳದ ಸೀಮೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂದು ಜನರು ಆಡಿಕೊಳ್ಳುವುದು ಈ ನೆಲವನ್ನು ಕುರಿತೇ. ಮಳೆ ಹೋದರೆ ಬರಗಾಲವೂ ಇಲ್ಲಿ ಅಷ್ಟೇ ಉಗ್ರವಾದುದು; 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ಜಿಲ್ಲೆಯು ಪಟ್ಟ ಪಾಡು ಬಹಳ ದೊಡ್ಡದು. ಇಂತಹ ಸೀಮೆಯಲ್ಲಿ ಕಾದಂಬರಿಯ ಓದು ಹೇಗೆ ಬೇರೂರಿತು?

ಮೊದಲು ಹೆಸರಿನ ವಿಚಾರ. ಕಾದಂಬರಿಯೆಂಬುದು ಮೂಲತಃ ಒಂದು ಜಾತಿಯ ಗ್ರಂಥದ ಹೆಸರಲ್ಲ, ಒಂದೇ ಒಂದು ಗ್ರಂಥದ ಹೆಸರು. ಏಳನೆಯ ಶತಮಾನದ ಬಾಣಭಟ್ಟನು ತನ್ನ ಸಂಸ್ಕೃತ ಗದ್ಯಕಥೆಯ ನಾಯಿಕೆಗೆ ಇಟ್ಟ ಹೆಸರೇ ಕೃತಿಗೂ ಆಯಿತು. ಅದನ್ನು ನಾಗವರ್ಮನು 'ಕರ್ಣಾಟಕ ಕಾದಂಬರಿ' ಎಂದು ಕನ್ನಡಕ್ಕೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಮಾದರಿಯ ಗದ್ಯಕಥೆಗಳು ಬಂದಾಗ ಮರಾಠಿಯವರೂ ಕನ್ನಡಿಗರೂ ಆ ಹೆಸರನ್ನೇ ಇಡೀ ಜಾತಿಗೆ ಕೊಟ್ಟರು. ಒಬ್ಬ ಪ್ರಿಯಳಾದ ಕಥಾನಾಯಿಕೆಯ ಹೆಸರು ಎರಡು ಭಾಷೆಗಳ ಸಾಮಾನ್ಯ ಶಬ್ದವಾಯಿತೆಂದರೆ, ಆ ಗ್ರಂಥವನ್ನು ಎಷ್ಟು ತಲೆಮಾರಿನ ಓದುಗರು ಒಬ್ಬರಿಂದೊಬ್ಬರು ಪಡೆದು ಮೆಚ್ಚಿರಬೇಡ! ಮರಾಠಿಯ ಮತ್ತು ಕನ್ನಡದ ಈ ನೆರೆಹೊರೆಯ ಸಂಬಂಧವನ್ನು ತಾವು ಮರೆಯಬಾರದು. ವಿಜಾಪುರದ ಕಥೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಈಗ ಪುಸ್ತಕದ ಪೆಟ್ಟಿಗೆಯ ಸಂಗತಿ. ಆದಿಲಶಾಹಿ ಅರಸರಲ್ಲಿ ಮೊದಲನೆಯ ಅಲಿಯು 1558ರಿಂದ 1580ರವರೆಗೆ ಆಳಿದನು. ಆ ಕಾಲವನ್ನು ಕಂಡು ಬರೆದ ರಫೀಉದ್ದೀನ್ ಶಿರಾಜಿಯು ಹೇಳುವಂತೆ ಈ ಅರಸನಿಗೆ ಪುಸ್ತಕಗಳಲ್ಲಿ ಅತಿಶಯವಾದ ಆಸಕ್ತಿಯಿದ್ದಿತು. ಅಂದವಾಗಿ ಬರೆಯುವವರು, ಹೊನ್ನಿನ ಕೆಲಸ ಮಾಡುವವರು, ಹೊಲಿದು ಕಟ್ಟುವವರು ಹೀಗೆ ಅನೇಕರು ಅವನ ಗ್ರಂಥಭಂಡಾರದಲ್ಲಿ ದುಡಿಯುತ್ತಿದ್ದರು. ಪ್ರಯಾಣಕ್ಕೆ ಹೊರಟರೂ, ದಂಡಿಗೆ ಹೊರಟರೂ, ಪುಸ್ತಕದ ಪೆಟ್ಟಿಗೆಗಳು ಅವನ ಸಂಗಡಲೇ ಹೋಗಬೇಕು. 1565ರ ಜನವರಿಯಲ್ಲಿ ಕೃಷ್ಣೆಯ ತೀರದಲ್ಲಿ ವಿಜಯನಗರದ ಸೈನ್ಯವನ್ನು ಎದುರಿಸಿದ ಸುಲ್ತಾನರಲ್ಲಿ ಒಬ್ಬನು ಈತನೇ ಎಂಬುದನ್ನು ನೆನೆದರೆ ಚರಿತ್ರೆಯು ಎಷ್ಟು ತೊಡಕಿನದೆಂಬುದು ತಿಳಿಯುವುದು.

ಅವನ ತರುವಾಯ ಬಂದ ಎರಡನೆಯ ಇಬ್ರಾಹಿಮನು ಸಂಗೀತಪ್ರೇಮಿ. ದಖನಿಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಗೀತಗಳ ಗ್ರಂಥವನ್ನು ರಚಿಸಿ ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದನು; ಜಗದ್ಗುರುವೆಂದು ಹೆಸರಾದನು. ತಿಕೋಟಾದ ದಾರಿಯಲ್ಲಿ ತೊರವಿಯ ಬಳಿ ನೌರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಸೂರೆಮಾಡಿತು. ಈಗ ಉಳಿದಿರುವುದು ಹಾಳುಗೋಡೆಗಳು. ಅದೇ ತೊರವಿಯಲ್ಲಿ ನರಸಿಂಹನ ಗುಡಿಯಿದೆ. ಕುಮಾರ ವಾಲ್ಮೀಕಿಯು ಆ ದೇವರ ಹೆಸರಿನಲ್ಲಿಯೇ ಕನ್ನಡದ ರಾಮಾಯಣವನ್ನು ಹಾಡಿದುದರಿಂದ ಅದು 'ತೊರವೆ ರಾಮಾಯಣ'ವಾಯಿತು. ಒಂದೇ ಊರಿನ ಎಲ್ಲೆಯಲ್ಲಿ ಸುಲ್ತಾನನ ದಖನಿ ಗೀತಗಳೂ ಕನ್ನಡದ ಭಾಮಿನೀ ಷಟ್ಪದಿಯೂ ಇದ್ದುವೆಂಬುದು ಲಕ್ಷ್ಯದಲ್ಲಿಡತಕ್ಕ ಮಾತು.

ಮುಂದೆ ಎರಡನೆಯ ಅಲಿಯ ಆಸ್ಥಾನದಲ್ಲಿ ನುಸ್ರತಿಯೆಂಬ ಕವಿಯಿದ್ದನು. ಅವನು 1657ರಲ್ಲಿ 'ಗುಲ್ಶನ್-ಎ-ಇಶ್ಕ್' ಎಂಬ ಪ್ರಣಯಕಥೆಯನ್ನು ದಖನಿಯಲ್ಲಿ ಬರೆದನು. ಅದರ ನಾಯಕನು ಮನೋಹರ, ನಾಯಿಕೆಯು ಮಧುಮಾಲತಿ. ಈ ಕಥೆಯನ್ನು ಹದಿನಾರನೆಯ ಶತಮಾನದಲ್ಲಿ ಉತ್ತರದೇಶದ ಮಂಝನ್ ಎಂಬ ಸೂಫಿ ಕವಿಯು ಹಿಂದವಿಯಲ್ಲಿ ಹೇಳಿದ್ದನು. ಉತ್ತರದಲ್ಲಿ ಯಾರೋ ಮೆಚ್ಚಿದ ಕಥೆಯು ಓದುಗರ ಕೈಯಿಂದ ಕೈಗೆ ದಾಟುತ್ತ ವಿಜಾಪುರಕ್ಕೆ ಬಂದು ಇಲ್ಲಿಯ ಮಾತಿನಲ್ಲಿ ಮರುಹುಟ್ಟನ್ನು ಪಡೆಯಿತು. ಕಾದಂಬರಿಯೆಂಬ ಹೆಸರು ಬರುವುದಕ್ಕೆ ಮೊದಲೇ ಕಾದಂಬರಿಯ ಸ್ವಭಾವವು ಇಲ್ಲಿದ್ದಿತೆನ್ನಬಹುದು.

ಆದರೆ ಅರಸನ ಪೆಟ್ಟಿಗೆಗೆ ಒಂದು ದೋಷವುಂಟು. ಅರಸನು ಅಳಿದರೆ ಪೆಟ್ಟಿಗೆಯೂ ಅಳಿಯುವುದು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ಗ್ರಂಥಭಂಡಾರದಲ್ಲಿ ಅಳಿದುಳಿದುದು ಆಸಾರ ಮಹಲಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದು, ಹತ್ತೊಂಬತ್ತನೆಯ ಶತಮಾನದ ನಡುವೆ ಈಸ್ಟ್ ಇಂಡಿಯಾ ಕಂಪೆನಿಯವರ ಕೈಗೆ ಸೇರಿ ಲಂಡನ್ನಿಗೆ ಹೋಯಿತು. ವಿದ್ವಾಂಸರಿಗೆ ಅದರಿಂದ ಉಪಕಾರವಾಗಿರಬಹುದು. ಊರಿಗೆ ಆದುದು ನಷ್ಟವೇ. ಇದಕ್ಕೆ ಪ್ರತಿಯಾಗಿ ತೊರವೆ ರಾಮಾಯಣದ ಗತಿಯನ್ನು ನೋಡಿರಿ. ಅದು ಒಬ್ಬರ ಪೆಟ್ಟಿಗೆಯಲ್ಲಿ ಇರಲಿಲ್ಲ. ಒಬ್ಬನು ರಾಗವಾಗಿ ಓದುವನು, ಮತ್ತೊಬ್ಬನು ಅರ್ಥ ಹೇಳುವನು, ಕಟ್ಟೆಯ ಮೇಲೆ ಕುಳಿತ ಹತ್ತಾರು ಜನರು ಕೇಳುವರು; ಅಕ್ಷರ ಬಾರದವರೂ ಮರುದಿನ ಹೊಲದಲ್ಲಿ ಆ ಕಥೆಯನ್ನೇ ಚರ್ಚಿಸುವರು. ಹಂಚಿಕೊಂಡುದು ಉಳಿಯಿತು, ಕೂಡಿಟ್ಟುದು ಹೋಯಿತು. ನಮ್ಮ ನಾಡಿನಲ್ಲಿ ಕಾದಂಬರಿಯ ಮೊದಲನೆಯ ವಾಚಕರನೇಕರು ವಾಸ್ತವವಾಗಿ ಶ್ರೋತೃಗಳಾಗಿದ್ದರೆಂಬುದಕ್ಕೆ ಈ ಹಳೆಯ ಪದ್ಧತಿಯೇ ಕಾರಣವು.

ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ವಿಜಾಪುರವು ಮುಂಬಯಿ ಇಲಾಖೆಗೆ ಸೇರಿದ್ದಿತು. ಜಿಲ್ಲೆಯ ಮುಖ್ಯಸ್ಥಾನವು 1885ರವರೆಗೆ ಕಲಾದಗಿಯಲ್ಲಿದ್ದಿತು. ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಶಾಲೆಗೂ ಕಚೇರಿಗೂ ಮರಾಠಿಯ ಪ್ರಾಬಲ್ಯವಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರು ಮೊದಲಾದ ಮಹನೀಯರು ದುಡಿದು ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಅಷ್ಟರಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹೋಗುವ ರೈಲುಹಾದಿಯೂ ಆಗಿದ್ದಿತು. ರೈಲು ಬಂದುದರಿಂದ ಹತ್ತಿ, ಜೋಳಗಳಂತೆ ಪುಸ್ತಕದ ಕಟ್ಟುಗಳೂ ಸುಲಭವಾಗಿ ಓಡಾಡತೊಡಗಿದುವು.

ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿದುದು ತಮಗೆಲ್ಲ ತಿಳಿದಿದೆ. ತಾನು ಮೆಚ್ಚಿದ ಗ್ರಂಥವನ್ನು ತನ್ನ ಜನರೂ ಓದಲೆಂದು ಒಬ್ಬನು ಪರಭಾಷೆಯನ್ನೇ ಕಲಿಯುವನೆಂದರೆ ಅದು ಹಂಚಿಕೊಳ್ಳುವಿಕೆಯ ಪರಮಾವಧಿಯೆನ್ನಬೇಕು. ಉತ್ತರ ಕರ್ನಾಟಕದಲ್ಲಿ ಈ ಕೆಲಸವನ್ನು ಮಾಡಿದವರಲ್ಲಿ ಇಬ್ಬರನ್ನು ಹೆಸರಿಸಬೇಕು. ಮೊದಲನೆಯವರು ಕೆರೂರ ವಾಸುದೇವಾಚಾರ್ಯರು. ಅವರು 1866ರಿಂದ 1921ರವರೆಗೆ ಬಾಳಿದರು. ಆಗ ವಿಜಾಪುರ ಜಿಲ್ಲೆಯಲ್ಲಿದ್ದ ಬಾಗಲಕೋಟೆಯಲ್ಲಿ ವಕೀಲರಾಗಿದ್ದರು. (ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.) ಶೇಕ್ಸ್‌ಪಿಯರ್ ಕವಿಯ ನಾಟಕಗಳನ್ನು ನಮ್ಮ ನೆಲಕ್ಕೆ ಹೊಂದಿಸಿ ಬರೆದ ಅವರು 1908ರಲ್ಲಿ 'ಇಂದಿರೆ' ಎಂಬ ಸಾಮಾಜಿಕ ಕಾದಂಬರಿಯನ್ನು ಹೊರತಂದರು. ಅರಸರ ಮತ್ತು ವೀರರ ಕಥೆಗಳಲ್ಲಿಯೇ ಕಾಲವು ಕಳೆಯುತ್ತಿದ್ದಾಗ ಗೃಹಸ್ಥರ ಮನೆಯೊಳಗಿನ ಬಾಳನ್ನು ಕುರಿತು ಬರೆಯುವುದಕ್ಕೆ ಧೈರ್ಯವು ಬೇಕಾಗಿದ್ದಿತು.

ಎರಡನೆಯವರು ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಇವರು ಮೊದಲು ಶಾಲಾಮಾಸ್ತರರು. ಅಗಡಿಯಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯನ್ನು ನಡೆಯಿಸಿ ಮನೆಮನೆಗೂ ಕನ್ನಡ ಗದ್ಯವನ್ನು ಮುಟ್ಟಿಸಿದರು. ಅವರ ವಿಷಯದಲ್ಲಿ ಉತ್ತರ ಕರ್ನಾಟಕದವರು ಈಗಲೂ ಹೇಳುವ ಮಾತೊಂದಿದೆ: ತಾವು ಬರೆದು ಅಚ್ಚುಹಾಕಿಸಿದ ಪುಸ್ತಕಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರು ಎಂಬುದು. ಸುಲ್ತಾನನ ಹಿಂದೆ ಹೋದ ಪೆಟ್ಟಿಗೆಗಳು ಸುಲ್ತಾನನೊಬ್ಬನ ಓದಿಗಾಗಿ. ಈ ಗಂಟಾದರೋ ಕಂಡ ಕಂಡವರ ಓದಿಗಾಗಿ. ಗ್ರಂಥಕರ್ತನೇ ಬಾಗಿಲಿಗೆ ಬಂದು ಜಗಲಿಯ ಮೇಲೆ ಗಂಟು ಬಿಚ್ಚಿದರೆ ಒಂದು ಪ್ರತಿಯನ್ನಾದರೂ ಕೊಳ್ಳದೆ ಹೇಗೆ ಕಳುಹಿಸುವುದು? ಆ ಒಂದು ಪ್ರತಿಯು ಓಣಿಯೆಲ್ಲ ತಿರುಗುವುದು. ರಾತ್ರಿ ದೀಪದ ಮುಂದೆ ಅಕ್ಷರಸ್ಥನಾದ ಹುಡುಗನು ಓದುತ್ತಿದ್ದರೆ, ಬೆಳಕು ಬೀಳದ ಕಡೆ ಕುಳಿತು ಹೆಂಗಸರು ಕೇಳುವರು. ಹೀಗೆ ಒಂದು ಪುಸ್ತಕಕ್ಕೆ ಕೊಂಡವನು ಒಬ್ಬನಾದರೂ ಓದಿದವರು, ಕೇಳಿದವರು ಹಲವರಾದರು.

1923ನೆಯ ವರ್ಷವು ಈ ಸೀಮೆಗೆ ವಿಶೇಷವಾದುದು. ಆ ವರ್ಷ ಕನ್ನಡ ಸಾಹಿತ್ಯ ಸಮ್ಮೇಳನವು ಸಿದ್ಧಾಂತಿ ಶಿವಶಂಕರ ಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ವಿಜಾಪುರದಲ್ಲಿಯೇ ಕೂಡಿತು. ಅದೇ ವರ್ಷ ಗಳಗನಾಥರ 'ಮಾಧವ ಕರುಣಾವಿಲಾಸ'ವು ಹೊರಬಂದಿತು. ವಿಜಯನಗರದ ಸ್ಥಾಪನೆಯ ಕಥೆಯದು. ಅದೇ ವರ್ಷ, ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು ಪ್ರಕಟವಾಯಿತು. ಹಳಕಟ್ಟಿಯವರು ಕಾದಂಬರಿಕಾರರಲ್ಲ, ಆದರೂ ಈ ಉಪನ್ಯಾಸದಲ್ಲಿ ಅವರನ್ನು ಬಿಡಲಾಗದು. ತಾಳೆಯೋಲೆಗಳಲ್ಲಿ ಅಡಗಿದ್ದ ವಚನಗಳು ಮನೆಮನೆಯ ಗಂಟುಗಳಿಂದ ಹೊರಬಂದು ಎಲ್ಲರ ಕೈಗೂ ಸಿಗಬೇಕೆಂದು ಅವರು ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯವನ್ನು ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆಯನ್ನೂ ಹೊರಡಿಸಿದರು. ವಿಜಾಪುರದಲ್ಲಿ ಕನ್ನಡದ ಓದುಗನೆಂಬ ವರ್ಗವೊಂದು ತಲೆಯೆತ್ತಿ ನಿಂತುದು ಇಂತಹವರಿಂದ.

ಜಿಲ್ಲೆಯ ಈಶಾನ್ಯಕ್ಕೆ ಇಂಡಿಯ ಕಡೆಯಲ್ಲಿ ಹಲಸಂಗಿಯೆಂಬ ಹಳ್ಳಿಯಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರು ಕೂಡಿ ಓದಿದರು, ಕೂಡಿ ಚರ್ಚಿಸಿದರು, ಕೂಡಿಯೇ ಹೆಂಗಸರ ಬಾಯಿಂದ ಜನಪದ ಗೀತೆಗಳನ್ನು ಬರೆದುಕೊಂಡರು. 1931ರಲ್ಲಿ ಬಂದ 'ಗರತಿಯ ಹಾಡು' ಆ ಗೆಳೆತನದ ಫಲವು. ಆ ಗುಂಪಿನಲ್ಲಿದ್ದ ಹೆಸರುಗಳನ್ನು ತಾವು ಮತ್ತೊಮ್ಮೆ ಕೇಳಿಕೊಳ್ಳಿರಿ. ಜಾತಿಮತಗಳ ಗಡಿಯನ್ನು ದಾಟಿ ಕೂಡಿದ ಓದು ಅದು. ನಾನು ಈಗ ಎತ್ತಬೇಕೆಂದಿರುವ ಪ್ರಶ್ನೆಗೆ ಇದು ಪೀಠಿಕೆಯಾಗಲಿ.

ಉತ್ತರ ಕರ್ನಾಟಕದ ಒಂದು ತಲೆಮಾರಿಗೆ ಅತ್ಯಂತ ಪ್ರಿಯವಾದ ಕಾದಂಬರಿಗಳಲ್ಲಿ ಗಳಗನಾಥರ 'ಕನ್ನಡಿಗರ ಕರ್ಮಕಥೆ'ಯೂ ಒಂದು. ಇದರ ಮೂಲವು ಪುಣೆಯ ಹರಿ ನಾರಾಯಣ ಆಪಟೆಯವರ 'ವಜ್ರಾಘಾತ'ವೆಂಬ ಮರಾಠಿ ಕಾದಂಬರಿ. ವಿಷಯವು ವಿಜಯನಗರದ ಪತನ. ರಾಮರಾಯನು ಯೌವನದಲ್ಲಿ ಪ್ರೀತಿಸಿ ಕೈಬಿಟ್ಟ ಮೆಹರ್‌ಜಾನಳೆಂಬ ತರುಣಿಯ ಸಂಕಟವೂ ಅದರಿಂದ ಹುಟ್ಟಿದ ಸೇಡೂ ಒಂದು ಸಾಮ್ರಾಜ್ಯವನ್ನು ಹೇಗೆ ಉರುಳಿಸಿದುವೆಂದು ಕಥೆಯು ಹೇಳುತ್ತದೆ. ಕರ್ನಾಟಕವು ಹರಿದು ಹಂಚಿಹೋಗಿದ್ದ ದಿನಗಳಲ್ಲಿ, ನಮ್ಮದೂ ಒಂದು ದೊಡ್ಡ ರಾಜ್ಯವಿದ್ದಿತೆಂಬ ಅಭಿಮಾನವನ್ನೂ ಅದು ಹೋಯಿತೆಂಬ ದುಃಖವನ್ನೂ ಈ ಪುಸ್ತಕವು ಒಟ್ಟಿಗೆ ಕೊಟ್ಟಿತು. ವಿಜಾಪುರದಲ್ಲಿಯೇ ಜನಿಸಿದ ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ದಿಂದ ವಿದ್ಯಾವಂತರಲ್ಲಿ ಎಬ್ಬಿಸಿದ ಭಾವವನ್ನು ಇಂತಹ ಕಾದಂಬರಿಗಳು ಅಡಿಗೆಮನೆಯವರೆಗೂ ಒಯ್ದುವು. 1956ರಲ್ಲಿ ನಾಡು ಒಂದಾಗುವುದಕ್ಕೆ ಇವುಗಳೂ ಮನಸ್ಸಿನ ನೆಲವನ್ನು ಹದಮಾಡಿದುವೆಂದರೆ ತಪ್ಪಾಗಲಾರದು.

ಆದರೆ ಈ ಕಾದಂಬರಿಯನ್ನು ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಓದುವುದು ಬೇರೆ, ವಿಜಾಪುರದಲ್ಲಿ ಓದುವುದು ಬೇರೆ. ಇಲ್ಲಿ ಕಣ್ಣೆತ್ತಿದರೆ ಗೋಲಗುಮ್ಮಟ; ಪಕ್ಕದ ಮನೆಯಲ್ಲಿ ದಖನಿ ಮಾತಾಡುವ ಸಂಸಾರ; ರಕ್ಕಸಗಿ, ತಂಗಡಗಿ, ತಾಳಿಕೋಟೆ ಎಂಬುವು ಇದೇ ಜಿಲ್ಲೆಯ ಊರುಗಳು. ತಾನು ಮೆಚ್ಚಿದ 'ಕರ್ಮಕಥೆ'ಯನ್ನು ತಿಕೋಟಾದ ಒಬ್ಬ ಓದುಗನು ತನ್ನ ಮುಸಲ್ಮಾನ ಗೆಳೆಯನ ಕೈಗೆ ಕೊಡುವನೆಂದು ಇಟ್ಟುಕೊಳ್ಳೋಣ. ಆ ಗೆಳೆಯನು ಅದನ್ನು ಹೇಗೆ ಓದಬೇಕು? ಶತ್ರುವಿನ ಸ್ಥಾನದಲ್ಲಿ ತನ್ನವರನ್ನು ಕಂಡು ಮನಸ್ಸು ನೊಂದರೆ ಅವನಿಗೆ ಏನು ಉತ್ತರವನ್ನು ಕೊಡಬೇಕು? ಪುಸ್ತಕವನ್ನೇ ಬಚ್ಚಿಡಬೇಕೆ?

ನನ್ನ ಅಭಿಪ್ರಾಯದಲ್ಲಿ ಬಚ್ಚಿಡುವುದು ಉತ್ತರವಲ್ಲ. ಕಾದಂಬರಿಯ ಪಕ್ಕದಲ್ಲಿ ಚರಿತ್ರೆಯನ್ನು ಇಡಬೇಕು. ಚರಿತ್ರೆಯು ಏನು ಹೇಳುತ್ತದೆ? ರಾಮರಾಯನೂ ಅಲಿ ಆದಿಲಶಹನೂ ಒಂದು ಕಾಲದಲ್ಲಿ ಮಿತ್ರರು. ರಾಮರಾಯನಿಗೆ ಪುತ್ರಶೋಕವಾದಾಗ ಆದಿಲಶಹನು ತಾನೇ ವಿಜಯನಗರಕ್ಕೆ ಹೋಗಿ ಸಂತಯಿಸಿದನೆಂದೂ, ರಾಮರಾಯನ ಪತ್ನಿಯು ಅವನನ್ನು ಮಗನೆಂದು ಕರೆದಳೆಂದೂ ವಿಜಾಪುರದಲ್ಲಿಯೇ ಕುಳಿತು ಇತಿಹಾಸವನ್ನು ಬರೆದ ಫಿರಿಸ್ತನು ಹೇಳಿರುವನು. ಇಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋದುದುಂಟು. ರಾಮರಾಯನು ವರ್ಷಗಟ್ಟಲೆ ಒಬ್ಬ ಸುಲ್ತಾನನನ್ನು ಮತ್ತೊಬ್ಬನ ಮೇಲೆ ಎತ್ತಿಕಟ್ಟಿ ಎಲ್ಲರ ಮೇಲೂ ತನ್ನ ಕೈ ಮೇಲಾಗುವಂತೆ ನೋಡಿಕೊಂಡನು. ಕೊನೆಗೆ ಅವರೆಲ್ಲರೂ ಒಂದಾದರು. ಆ ಒಕ್ಕಟ್ಟನ್ನು ಬಿಗಿಯುವುದಕ್ಕಾಗಿಯೇ ಅಹಮದನಗರದ ಚಾಂದಬೀಬಿಯನ್ನು ಅಲಿಗೆ ಮದುವೆಮಾಡಿಕೊಟ್ಟು ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಡಲಾಯಿತು. ವಿಜಯನಗರದ ಸೇನೆಯಲ್ಲಿ ಮುಸಲ್ಮಾನ ಸರದಾರರೂ, ಸುಲ್ತಾನರ ಸೇವೆಯಲ್ಲಿ ಮರಾಠಾ ಸರದಾರರೂ ಇದ್ದರು. ಅದು ರಾಜ್ಯಗಳ ಕಾಳಗವಾಗಿದ್ದಿತು. ಎರಡು ಮತಗಳವರ ನಡುವಣ ಲೆಕ್ಕವಾಗಿರಲಿಲ್ಲ.

ಇನ್ನೂ ಒಂದು ಉಪಾಯವುಂಟು: ಒಂದು ಕಾದಂಬರಿಯ ಪಕ್ಕದಲ್ಲಿ ಮತ್ತೊಂದು ಕಾದಂಬರಿಯನ್ನು ಇಡುವುದು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸಾಹೇಬರು 1863ರಲ್ಲಿ 'ತಾರಾ' ಎಂಬ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1657ರ ಸುಮಾರಿನ ವಿಜಾಪುರವು ಅದರ ರಂಗಭೂಮಿ. ನಾಯಿಕೆಯು ತುಳಜಾಪುರದ ಬ್ರಾಹ್ಮಣ ಬಾಲವಿಧವೆ. ನಾಯಕನು ಅಫಜಲಖಾನನ ಮಗನಾದ ಫಾಜಿಲನು. ಸಹಗಮನದ ಚಿತೆಯಿಂದ ಅವನು ಅವಳನ್ನು ಪಾರುಮಾಡಿ ಕೈಹಿಡಿಯುವನು. ಅಫಜಲಖಾನನು 1659ರಲ್ಲಿ ಪ್ರತಾಪಗಡದಲ್ಲಿ ಮಡಿದುದು ಪ್ರಸಿದ್ಧ ಸಂಗತಿ. ದಂಡಿಗೆ ಹೊರಡುವ ಮೊದಲು ತನ್ನ ಹೆಂಡಿರನ್ನೆಲ್ಲ ಕೊಲ್ಲಿಸಿದನೆಂಬ ಐತಿಹ್ಯಕ್ಕೆ ಸಾಕ್ಷಿಯೆಂದು ತೋರಿಸುವ ಸಾಠ ಕಬರು ವಿಜಾಪುರದ ಪಶ್ಚಿಮಕ್ಕಿದೆ. ಟೇಲರ್ ಸಾಹೇಬರದೂ ಪಕ್ಷಪಾತವಿಲ್ಲದ ಬರಹವಲ್ಲ. ಆಳುವವರ ಕಣ್ಣು ಅದರಲ್ಲಿದೆ. ಆದರೆ ಆಪಟೆಯವರ ಕಥೆಯಲ್ಲಿ ಮುರಿದುಹೋದ ಪ್ರೇಮವು ಇಲ್ಲಿ ಕೂಡಿಬರುತ್ತದೆ. ಎರಡನ್ನೂ ಓದಿದವನಿಗೆ, ಯಾವ ಕಾದಂಬರಿಕಾರನೂ ಚರಿತ್ರೆಯನ್ನು ತನ್ನ ಕಾಲದ ಕಿಟಕಿಯಿಂದಲೇ ನೋಡುವನೆಂಬ ತಿಳಿವಳಿಕೆಯುಂಟಾಗುವುದು. ನುಸ್ರತಿಯ ಮನೋಹರ ಮಧುಮಾಲತಿಯರನ್ನೂ ಇದಕ್ಕೆ ಸೇರಿಸಿದರೆ ಕೂಟವು ಪೂರ್ಣವಾಗುವುದು.

ಇನ್ನು ಬಬಲೇಶ್ವರದ ದಾರಿಯನ್ನು ಹಿಡಿಯೋಣ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಏರ್ಪಾಡು ಸರಳವಾದುದು: ಓದುಗನು ಮುಂಗಡವಾಗಿ ಚಂದಾ ಕೊಟ್ಟು ಸದಸ್ಯನಾಗುವನು, ಪುಸ್ತಕಗಳು ಅಂಚೆಯಲ್ಲಿ ಅವನ ಮನೆಗೆ ಬರುವುವು. ಗಳಗನಾಥರ ಗಂಟನ್ನು ಈಗ ಅಂಚೆಯವನು ಹೊತ್ತನು. ಇದರಿಂದಾದ ವ್ಯತ್ಯಾಸವು ಸಣ್ಣದಲ್ಲ. ಹಿಂದೆ ಪುಸ್ತಕವು ಹುಟ್ಟಿದ ಮೇಲೆ ಓದುಗನನ್ನು ಹುಡುಕಿಕೊಂಡು ಹೋಗುತ್ತಿದ್ದಿತು. ಈಗ ಓದುಗರು ಮೊದಲು ಒಟ್ಟುಗೂಡಿ ಪುಸ್ತಕವನ್ನು ಹುಟ್ಟಿಸತೊಡಗಿದರು. ದೂರದ ಹಳ್ಳಿಯ ಮಾಸ್ತರನೂ ತಲಾಟಿಯೂ ಹೊಸ ಕನ್ನಡ ಕಾದಂಬರಿಯ ಪೋಷಕರಾದರು. ಅನಂತಮೂರ್ತಿಯವರ 'ಸಂಸ್ಕಾರ'ವು 1965ರಲ್ಲಿ ಹೊರಬಂದುದು ಈ ಮಾಲೆಯಿಂದಲೇ. ಇಂಡಿಯ ಕಡೆಯ ಅಗರಖೇಡದಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು, ಅಂದರೆ ಶ್ರೀರಂಗರು, ನಾಟಕಕಾರರೆಂದು ಹೆಸರಾದರೂ 1934ರಲ್ಲಿ 'ವಿಶ್ವಾಮಿತ್ರನ ಸೃಷ್ಟಿ'ಯೆಂಬ ಕಾದಂಬರಿಯನ್ನು ಬರೆದರು. ಜಿಲ್ಲೆಯು ಓದುಗರನ್ನು ಮಾತ್ರವಲ್ಲದೆ ಕಾದಂಬರಿಕಾರರನ್ನೂ ಕೊಡತೊಡಗಿದ ಕಾಲವದು.

ಬಬಲೇಶ್ವರವನ್ನು ದಾಟಿ ಮುಂದೆ ಹೋದರೆ ಜಮಖಂಡಿಯ ಸೀಮೆ. ಅಲ್ಲಿಯ ಹಿರೇಪಡಸಲಗಿಯವರು ರಾವಬಹಾದ್ದೂರರು, ಅಂದರೆ ಆರ್. ಬಿ. ಕುಲಕರ್ಣಿಯವರು. 1957ರಲ್ಲಿ ಬಂದ ಅವರ 'ಗ್ರಾಮಾಯಣ'ವನ್ನು ತಾವು ಓದಿರದಿದ್ದರೆ ದಯವಿಟ್ಟು ಓದಬೇಕು. ನಾನು ಗೆಳೆಯರಿಗೆ ಕೊಡುವ ಪುಸ್ತಕಗಳಲ್ಲಿ ಅದಕ್ಕೆ ಅಗ್ರಸ್ಥಾನ. ಅದರಲ್ಲಿ ನಾಯಕನಿಲ್ಲ, ನಾಯಿಕೆಯಿಲ್ಲ; ಒಂದು ಹಳ್ಳಿಯೇ ನಾಯಕ. ಆ ಹಳ್ಳಿಯು ಒಳಗಿನ ದ್ವೇಷದಿಂದಲೂ ಹೊರಗಿನ ಹೊಡೆತದಿಂದಲೂ ಹೇಗೆ ಸಡಿಲಗೊಂಡು ಕುಸಿಯುತ್ತದೆಂಬುದನ್ನು ಗ್ರಂಥಕರ್ತರು ನಿರ್ದಾಕ್ಷಿಣ್ಯವಾಗಿ ತೋರಿಸಿದ್ದಾರೆ. ಭಾಷೆಯು ಆ ಸೀಮೆಯದೇ. ಈ ಭಾಗದವನು ಅದನ್ನು ಓದಿದರೆ ಅಚ್ಚಿನ ಪುಟದಲ್ಲಿ ತನ್ನ ಓಣಿಯ ಮಾತನ್ನು ಕೇಳಿ ಬೆರಗಾಗುವನು. ಬಂಕಿಮರಿಂದ ಬಂಗಾಳವನ್ನೂ ಆಪಟೆಯವರಿಂದ ಪುಣೆಯ ದೃಷ್ಟಿಯನ್ನೂ ಪಡೆದ ಓದುಗನು ಸುಮಾರು ಎಪ್ಪತ್ತು ವರ್ಷಗಳ ಮೇಲೆ ತನ್ನ ಹಳ್ಳಿಯನ್ನೇ ಕಾದಂಬರಿಯಲ್ಲಿ ಕಂಡನು. ಆ ಎರವಿನ ಕಥೆಗಳು ಇಲ್ಲದಿದ್ದರೆ ಈ ಸ್ವಂತದ ಕಥೆಯನ್ನು ಬರೆಯುವ ಕೈಯೂ ಓದುವ ಕಣ್ಣೂ ಸಿದ್ಧವಾಗುತ್ತಿರಲಿಲ್ಲ.

ಮುಂದಿನ ದಶಕಗಳಲ್ಲಿ ಅ. ನ. ಕೃಷ್ಣರಾಯರು, ತ. ರಾ. ಸುಬ್ಬರಾಯರು, ಕೃಷ್ಣಮೂರ್ತಿ ಪುರಾಣಿಕರು, ಬಸವರಾಜ ಕಟ್ಟೀಮನಿಯವರು, ತ್ರಿವೇಣಿಯವರು ಮನೆಮಾತಾದರು. ಪಟ್ಟಣಗಳಲ್ಲಿ ದಿನಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಗಳು ಎದ್ದುವು. 1965ರ ಕಾಯಿದೆಯಿಂದ ಸರಕಾರದ ಗ್ರಂಥಾಲಯಗಳು ಜಿಲ್ಲೆಜಿಲ್ಲೆಗೂ ಬಂದುವು. 2013ರಲ್ಲಿ ಸಾಹಿತ್ಯ ಸಮ್ಮೇಳನವು ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಮರಳಿ ವಿಜಾಪುರಕ್ಕೆ ಬಂದಾಗ, 1923ರಿಂದ ತೊಂಬತ್ತು ವರ್ಷಗಳು ಸಂದಿದ್ದುವು. ಪುಸ್ತಕಗಳಿಗೆ ಈಗ ಬರಗಾಲವಿಲ್ಲ. ಕೊರತೆಯಿರುವುದು ಕೂಡಿ ಓದುವವರಿಗೆ. ಒಬ್ಬೊಬ್ಬನು ತನಗೆ ಬೇಕಾದುದನ್ನು ತಾನೇ ತರಿಸಿಕೊಂಡು, ತಾನೇ ಓದಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರೆ, ನಾವು ಸುಲ್ತಾನನ ಪೆಟ್ಟಿಗೆಯ ಕಾಲಕ್ಕೆ ಹಿಂದಿರುಗಿದಂತೆಯೇ ಸರಿ. ಆಸಾರ ಮಹಲಿನ ಧೂಳು ಯಾರ ಮನೆಯ ಕಪಾಟಿಗೂ ಬರಬಹುದು.

ಆದುದರಿಂದ ವಾಚಕಮಿತ್ರರಲ್ಲಿ ನನ್ನ ವಿಜ್ಞಾಪನೆಯು ಇಷ್ಟು. ತಮ್ಮ ಮೆಚ್ಚಿನ ಕಾದಂಬರಿಯನ್ನು, ತಮ್ಮಂತೆಯೇ ಯೋಚಿಸುವವನಿಗೆ ಮೊದಲು ಕೊಡಬೇಡಿರಿ. ಅದನ್ನು ಒಪ್ಪಲಾರದವನೆಂದು ತಾವು ಅಂಜುವವನಿಗೆ ಕೊಡಿರಿ. ಕೊಡುವಾಗ ಅವನ ಮೆಚ್ಚಿನ ಪುಸ್ತಕವನ್ನೂ ಕೇಳಿ ತನ್ನಿರಿ. ಒಂದು ತಿಂಗಳ ಮೇಲೆ ಇಬ್ಬರೂ ಕುಳಿತು ಮಾತಾಡಿರಿ. ತಿಕೋಟಾದಲ್ಲಿಯೂ ಬಬಲೇಶ್ವರದಲ್ಲಿಯೂ ಹತ್ತು ಜನರು ಹೀಗೆ ಕೂಡುವುದಕ್ಕೆ ಸಭಾಮಂದಿರವೂ ಬೇಡ, ದ್ರವ್ಯವೂ ಬೇಡ. ಒಂದು ಜಗಲಿಯೂ ಓದಲು ಬರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಸಾಕು. ಅವರು ಮೊದಲು 'ಕನ್ನಡಿಗರ ಕರ್ಮಕಥೆ'ಯನ್ನು ಎತ್ತಿಕೊಳ್ಳಲಿ, ಅದರ ಮಗ್ಗುಲಲ್ಲಿ 'ಗ್ರಾಮಾಯಣ'ವನ್ನು ಇಟ್ಟುಕೊಳ್ಳಲಿ. ಸಾಮ್ರಾಜ್ಯವು ಬಿದ್ದ ಕಥೆಯನ್ನೂ ಹಳ್ಳಿಯು ಬಿದ್ದ ಕಥೆಯನ್ನೂ ಒಂದೇ ವಾರದಲ್ಲಿ ಕೇಳಿದ ಜನರಿಗೆ, ಯಾವುದು ಯಾರ ದೋಷದಿಂದ ಬಿದ್ದಿತೆಂಬ ವಾದವನ್ನು ಮನಸ್ಸು ಕೆಡಿಸಿಕೊಳ್ಳದೆ ನಡೆಯಿಸುವ ಶಕ್ತಿಯು ತಾನಾಗಿ ಬರುವುದೆಂದು ನನ್ನ ನಂಬಿಕೆ.